ಕ್ರಾಕೋವ್‌ನಲ್ಲಿ ಒಂದು ಸಂಜೆ: ನೋಡಿದ್ದು ಯಾರು?

ನವೆಂಬರಲ್ಲಿ ಪೋಲೆಂಡಿಗಾ, ಚಳಿಗೆ ಸತ್ತೋಗ್ತೀಯ ಅಂತ ಎಲ್ರೂ ಹೇಳಿದ್ರು, ಆದ್ರೆ ತಂಗಿ ಕ್ರಾಕೋವ್‌ನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು, ನಂಗೆ ರಜ ಸಿಕ್ಕಿದ್ದೂ ಆವಾಗ್ಲೇ, ಹೊರಟೇಬಿಟ್ಟೆ. ನಾಲ್ಕು ಗಂಟೆಗೆಲ್ಲ ಕತ್ತಲಾಗತ್ತೆ ಅಲ್ಲಿ. "ಅಕ್ಕ, ಆದಾಶ್ ಹತ್ರ ನಿಂತಿರು, ಆಫೀಸ್ ಮುಗಿಸಿ ಬರ್ತೀನಿ" ಅಂತ ಅವಳ ಮೆಸೇಜು. ಆದಾಶ್ ಅಂದ್ರೆ ರಿನೆಕ್ ಅನ್ನೋ ದೊಡ್ಡ ಚೌಕದಲ್ಲಿರೋ ಕವಿ ಆದಾಮ್ ಮಿತ್ಸ್‌ಕೇವಿಚ್ ಪ್ರತಿಮೆ, ಊರೋರು ಮುದ್ದಿಗೆ ಹಾಗೆ ಕರೆಯೋದು, ಯಾರು ಯಾರನ್ನ ಭೇಟಿ ಮಾಡ್ಬೇಕಾದ್ರೂ ಅಲ್ಲೇ. ಇದು ಸ್ನೇಹನಾ, ಪ್ರೀತಿನಾ ಅಂತ ಮತ್ತೆ ಮತ್ತೆ ಕೇಳೋ ಕವಿತೆ ಬರೆದವರು ಅವರು. ಬದುಕಿದ್ದಾಗ ಈ ಊರಿಗೆ ಕಾಲಿಟ್ಟೋರೇ ಅಲ್ಲ, 1890ರಲ್ಲಿ ಅವರ ಅವಶೇಷಗಳನ್ನ ತಂದು ವಾವೆಲ್ ಗುಡ್ಡದ ಕೆಥೆಡ್ರಲ್‌ನಲ್ಲಿ ಇಟ್ರು. ನಾನು ನಿಂತಿರೋವಾಗ ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಕಹಳೆ ಕೇಳಿಸ್ತು, ಗಂಟೆಗೊಂದ್ಸಲ ಊದ್ತಾರೆ, ರಾಗ ಅರ್ಧಕ್ಕೇ ಕಡಿದು ನಿಲ್ಲತ್ತೆ.

ತಂಗಿ ಇರೋ ಬಿಲ್ಡಿಂಗ್‌ನ ಮೇಲ್ಗಡೆ ಮನೆಯವರು ರಿಟೈರ್ಡ್ ಟೀಚರ್. ತಂಗಿ ಅವರನ್ನ ಪಾನಿ ಅಂತ ಕರೀತಾಳೆ, ನಮ್ಮಲ್ಲಿ ಮೇಡಮ್ಮೋರೆ ಅಂತೀವಲ್ಲ ಆ ಥರ. ಆವತ್ತು ಅವರ ಮನೇಲಿ ಕವಿತೆ ಓದೋದು, ಆಮೇಲೆ ಎಲ್ರೂ ನಾಲ್ಕು ಸಾಲು ಬರೆಯೋದು ಅಂತ ಮೊದ್ಲೇ ಮಾತಾಗಿತ್ತು. ಗಾಜಿನ ಲೋಟದಲ್ಲಿ ನಿಂಬೆಹಣ್ಣಿನ ಬಿಲ್ಲೆ ಹಾಕಿದ ಕಪ್ಪು ಚಹಾ ಕೊಟ್ರು, ಜೊತೆಗೆ ಶಾರ್ಲೋತ್ಕಾ ಅನ್ನೋ ಸೇಬಿನ ಕೇಕು.

ಅವರು ಓದಿದ್ದು ಮಾರಿಯಾ ಪಾವ್ಲಿಕೋವ್ಸ್ಕಾ-ಯಾಸ್ನೊಝೆಫ್ಸ್ಕಾ ಅನ್ನೋ ಕವಯಿತ್ರೀನ. ಹುಟ್ಟಿದ್ದು 1891ರಲ್ಲಿ, ಇದೇ ಊರಲ್ಲಿ, ಚಿತ್ರಕಾರರ ಮನೆತನ. ಯುದ್ಧದಲ್ಲಿ ದೇಶ ಬಿಟ್ಟು ಹೋದೋರು 1945ರಲ್ಲಿ ಮ್ಯಾಂಚೆಸ್ಟರಲ್ಲಿ ತೀರ್ಕೊಂಡ್ರು. 1926ರಲ್ಲಿ ಬಂದ ಅವರ 'ಚುಂಬನಗಳು' ಸಂಕಲನದ ಕವಿತೆಗಳು ತೀರಾ ಪುಟ್ಟವು, ಒಂದು ಉಸಿರಿಗೆ ಮುಗಿಯುತ್ತವೆ. ಒಂದರಲ್ಲಿ, ನಿನ್ನ ನೋಡದೆ ತಿಂಗಳಾಯ್ತು, ಏನೂ ಆಗಿಲ್ಲ, ಸ್ವಲ್ಪ ಬಿಳಿಚ್ಕೊಂಡಿರಬಹುದು, ಸ್ವಲ್ಪ ಮಾತು ಕಮ್ಮಿ ಆಗಿರಬಹುದು ಅಂತೆಲ್ಲ ಹೇಳಿ, ಗಾಳಿ ಇಲ್ದೇನೂ ಬದುಕಬಹುದು ಅಂತ ಕಾಣತ್ತೆ ಅಂದುಬಿಡ್ತಾರೆ. ನಂಗೆ ಮೈ ಜುಂ ಅಂತು. ಪ್ರೀತಿಯ ಬಗ್ಗೆ ಪುಟಗಟ್ಲೆ ಓದಿದೀನಿ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕಂಡಿದ್ದು ಕಮ್ಮಿ.

ಇದನ್ನ ಕನ್ನಡಕ್ಕೆ ತರೋಕೆ ಕೂತ್ವಿ. ಪೋಲಿಶಲ್ಲೂ ನಮ್ಮ ಹಾಗೇ 'ನಾನು' ಅಂತ ಹೇಳ್ಲೇಬೇಕಿಲ್ಲ, ಕ್ರಿಯಾಪದದಲ್ಲೇ ಬರತ್ತೆ. ಆದ್ರೆ ನಾವು 'ನೋಡಿದೆ' ಅಂದ್ರೆ ಹೆಂಗಸಾದ್ರೂ ಅಷ್ಟೇ ಗಂಡಸಾದ್ರೂ ಅಷ್ಟೇ, ಅವರಲ್ಲಿ ಹೆಂಗಸು ನೋಡಿದ್ರೆ 'ವಿಜಾವಾಮ್', ಗಂಡಸು ನೋಡಿದ್ರೆ 'ವಿಜಾವೆಮ್', ಅದರಲ್ಲಿನ ಎರಡನೇ 'ವ' ಸದ್ದಿಗೆ ಬರೆಯೋದು ಅಡ್ಡಗೆರೆ ಇರೋ ಎಲ್ ಅಕ್ಷರ. ಆ ಕವಿತೇಲಿ ಮಾತಾಡ್ತಿರೋದು ಹೆಂಗಸು ಅಂತ ಒಂದೇ ಪದದಲ್ಲಿ ಗೊತ್ತಾಗಿಬಿಡತ್ತೆ, ಕನ್ನಡದಲ್ಲಿ ಅದು ಎಷ್ಟು ತಿಣುಕಿದ್ರೂ ಬರ್ಲಿಲ್ಲ.

ಆಮೇಲೆ ನಮ್ಮ ಸರದಿ. ನಾನು ಬರೆದಿದ್ದು ಇಷ್ಟು:

ನೀ ಕರೆದ ಹಾಗಾಯ್ತು,
ಓ ಅಂದೆ.
ಬಾಗಿಲ ತನಕ ಬಂದು ನೋಡಿದೆ,
ಬರೀ ಮಳೆ.

ತಂಗಿ ಒಂದೊಂದೇ ಪದ ಬಿಡಿಸಿ ಹೇಳಿದ್ಲು, ಪಾನಿ ಪೋಲಿಶಲ್ಲಿ ಬರ್ಕೊಳ್ತಾ ಹೋದ್ರು. ಮೂರನೇ ಸಾಲಿಗೆ ಪೆನ್ನು ನಿಲ್ಸಿ ನನ್ನ ಮುಖ ನೋಡಿ ಏನೋ ಕೇಳಿದ್ರು. ಬಾಗಿಲಿಗೆ ಬಂದು ನೋಡಿದ್ದು ಹೆಂಗಸಾ, ಗಂಡಸಾ ಅಂತ.

ಬರೆಯೋವಾಗ ನಾನು ಯೋಚನೇನೇ ಮಾಡಿರ್ಲಿಲ್ಲ. ನಂದೇ ಅಂತ ಹೇಳೋಕೆ ಬಾಯಿ ತೆಗೆದೆ, ಹೇಳಕ್ಕಾಗ್ಲಿಲ್ಲ.

"ಅಕ್ಕ, ಇದು ಅಪ್ಪ ಅಲ್ವಾ" ಅಂದ್ಲು ತಂಗಿ.

ಅಮ್ಮ ತೀರ್ಕೊಂಡ ವರ್ಷ ಮಳೆಗಾಲ ಪೂರ್ತಿ ಅಪ್ಪ ಹಾಗೇ ಮಾಡ್ತಿದ್ರು. ಪೇಪರ್ ಓದ್ತಿರೋರು ಇದ್ದಕ್ಕಿದ್ದ ಹಾಗೆ ಓ ಅಂತ ಎದ್ದು, ಕನ್ನಡಕ ಕೈಯಲ್ಲೇ ಹಿಡ್ಕೊಂಡು ಬಾಗಿಲ ತನಕ ಹೋಗಿ ನಿಂತ್ಕೊಳ್ಳೋರು. ನಾವಿಬ್ರೂ ಅದನ್ನ ಯಾವತ್ತೂ ಮಾತಾಡ್ಕೊಂಡಿರ್ಲಿಲ್ಲ.

ತಂಗಿ ಪಾನಿಗೆ ಮೆಲ್ಲಗೆ ಹೇಳಿದ್ಲು. ಅವರು ಏನೂ ಮಾತಾಡ್ದೆ, ಅಡ್ಡಗೆರೆ ಇರೋ ಎಲ್ ಅಕ್ಷರ ಬರೆದು, ಅದರ ಮುಂದೆ ನಿಧಾನಕ್ಕೆ 'ಎಮ್' ಸೇರಿಸಿದ್ರು, ಗಂಡಸಿಂದು.