ಎಂಜಿನ್ ಇಲ್ಲದ ಕಾರಿಗೆ ಸರ್ವೀಸ್ ಬಿಲ್ಲು ಎಲ್ಲಿಂದ ಬರುತ್ತದೆ?

ವಿದ್ಯುತ್ ಕಾರು ಕೊಳ್ಳಲು ಹೊರಟವರಿಗೆ ಷೋರೂಮಿನಲ್ಲಿ ಸಿಗುವ ಮೊದಲ ಆಶ್ವಾಸನೆಯೆಂದರೆ, ಇದರಲ್ಲಿ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್, ಕ್ಲಚ್, ಟೈಮಿಂಗ್ ಬೆಲ್ಟ್ ಯಾವುದೂ ಇಲ್ಲ, ಆದ್ದರಿಂದ ಖರ್ಚೂ ಇಲ್ಲ ಎಂಬುದು. ಮಾತಿನ ಮೊದಲರ್ಧ ಪೂರ್ತಿ ನಿಜ. ಉಳಿದರ್ಧ ನಿಜವೋ ಅಲ್ಲವೋ ಎಂಬುದು ಕಾರಿನ ಯಂತ್ರಕ್ಕಿಂತ ಹೆಚ್ಚಾಗಿ ಸರ್ವೀಸ್ ಅಡ್ವೈಸರರ ಮೇಜಿನ ಮುಂದೆ ತೀರ್ಮಾನವಾಗುತ್ತದೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿರುವ ನಮಗೆ ಕಣ್ಣೂರಿಗಿಂತ ಮಂಗಳೂರೇ ಹತ್ತಿರ, ಅಲ್ಲಿ ಭಾಷೆಯ ತೊಡಕೂ ಇಲ್ಲ. ಹಾಗಾಗಿ ಕೆಎಲ್ 14ರ ಬೋರ್ಡಿನ ನನ್ನ ಕಾರು ಸೀತಾಂಗೋಳಿ, ಕುಂಬಳೆ, ಉಪ್ಪಳದ ದಾರಿಯಾಗಿ ತಲಪಾಡಿಯಲ್ಲಿ ಟೋಲ್ ಕಟ್ಟಿ ಮಂಗಳೂರಿನ ಒಂದು ಸರ್ವೀಸ್ ಕೇಂದ್ರಕ್ಕೆ ಹೋಗುತ್ತದೆ. ಕಳೆದ ಸಲ ಅಲ್ಲಿ ನನ್ನ ಕೈಗಿತ್ತ ಎಸ್ಟಿಮೇಟಿನಲ್ಲಿ ಕ್ಯಾಬಿನ್ ಫಿಲ್ಟರ್ ಮತ್ತು ತಪಾಸಣೆಯ ಲೇಬರ್ ಚಾರ್ಜ್ ಬಿಟ್ಟರೆ ಉಳಿದ ಸಾಲುಗಳೆಲ್ಲ ಹೀಗಿದ್ದವು: ಏಸಿ ಡಿಸಿನ್‌ಫೆಕ್ಷನ್, ಇಂಟೀರಿಯರ್ ಎನ್‌ರಿಚ್‌ಮೆಂಟ್, ಅಂಡರ್‌ಬಾಡಿ ಕೋಟಿಂಗ್, ವಿಂಡ್‌ಶೀಲ್ಡ್ ಟ್ರೀಟ್‌ಮೆಂಟ್, ಕನ್ಸ್ಯೂಮಬಲ್ಸ್. ಪೆಟ್ರೋಲ್ ಕಾರಿಗೆಂದು ಸಿದ್ಧಪಡಿಸಿದ ಪಟ್ಟಿಯಿಂದ ಎಂಜಿನ್ನಿಗೆ ಸಂಬಂಧಿಸಿದ್ದನ್ನು ಮಾತ್ರ ಅಳಿಸಿ, ತೆರವಾದ ಜಾಗವನ್ನು ಬೇರೆ ಹೆಸರುಗಳಿಂದ ತುಂಬಿದಂತಿತ್ತು. ಕಾರಿನೊಂದಿಗೆ ಬಂದ ಕೈಪಿಡಿಯ ನಿರ್ವಹಣಾ ಪಟ್ಟಿಯನ್ನು ತೆರೆದು, ಇವುಗಳಲ್ಲಿ ಯಾವುದು ಈ ಪುಟದಲ್ಲಿದೆ ಎಂದು ಕೇಳಿದೆ. ಒಂದೂ ಇರಲಿಲ್ಲ. ಅಡ್ವೈಸರ್ ಬೇಸರಿಸಿಕೊಳ್ಳದೆ ಆ ಸಾಲುಗಳನ್ನು ತೆಗೆದುಹಾಕಿದರು, ಮೊತ್ತ ಅರ್ಧಕ್ಕಿಂತ ಕೆಳಗಿಳಿಯಿತು. ಕೇಳಿದವರಿಗೆ ತೆಗೆಯುತ್ತಾರೆ, ಕೇಳದವರಿಗೆ ಹಾಕುತ್ತಾರೆ, ಅಷ್ಟೇ. ಅಡ್ವೈಸರನ್ನು ದೂರಿ ಪ್ರಯೋಜನವಿಲ್ಲ. ಆಯಿಲ್ ಮಾರಾಟದ ಲಾಭವನ್ನು ಕಳೆದುಕೊಂಡ ಡೀಲರ್ ಅದನ್ನು ಬೇರೆಲ್ಲಿಂದಲೋ ಹುಟ್ಟಿಸಿಕೊಳ್ಳಲೇಬೇಕು, ಆ ಒತ್ತಡವೆಲ್ಲ ಮೇಜಿನ ಹಿಂದೆ ಕುಳಿತ ಈ ಹುಡುಗರ ಮೇಲೆ ಬೀಳುತ್ತದೆ.

ಹಾಗೆಂದು ವಿದ್ಯುತ್ ಕಾರಿಗೆ ಆರೈಕೆಯೇ ಬೇಡವೆಂದಲ್ಲ. ಬ್ಯಾಟರಿಯನ್ನು ತಂಪಾಗಿಡುವ ಕೂಲೆಂಟನ್ನು ಕೈಪಿಡಿ ಹೇಳಿದ ಅವಧಿಗೆ ಬದಲಿಸಬೇಕು, ಅದೂ ಕಂಪನಿ ಸೂಚಿಸಿದ ಬಗೆಯದನ್ನೇ. ಪೇಟೆಯಲ್ಲಿ ಸಿಗುವ ಯಾವುದೋ ಹಸಿರು ದ್ರಾವಣವನ್ನು ಸುರಿಯಲು ಬಿಡಬಾರದು. ಮೋಟಾರಿನ ವೇಗವನ್ನು ತಗ್ಗಿಸಿ ಚಕ್ರಕ್ಕೆ ಕೊಡುವ ಗೇರ್‌ಪೆಟ್ಟಿಗೆಯಲ್ಲಿಯೂ ಸ್ವಲ್ಪ ಎಣ್ಣೆ ಇರುತ್ತದೆ. ಬಾನೆಟ್ಟಿನ ಕೆಳಗೆ ಸಾಮಾನ್ಯ ಕಾರಿನಲ್ಲಿರುವಂಥದೇ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದು ಕುಳಿತಿರುತ್ತದೆ, ಅದು ಸತ್ತರೆ ದೊಡ್ಡ ಬ್ಯಾಟರಿ ಭರ್ತಿಯಾಗಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಹಲವು ಕಂಪನಿಗಳು ಕೊಡುವ ಎಂಟು ವರ್ಷಗಳ ವಾರಂಟಿ ದೊಡ್ಡ ಬ್ಯಾಟರಿಗೆ ಸೇರಿದ್ದೇ ಹೊರತು ಇದಕ್ಕಲ್ಲ.

ನಮ್ಮ ಹವೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರೇ ಕಾರನ್ನು ನಿಧಾನಿಸಿ ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದರಿಂದ ಬ್ರೇಕ್ ಪ್ಯಾಡುಗಳು ಸವೆಯುವುದು ಬಹಳ ಕಡಿಮೆ. ಬಂದಡ್ಕ, ಪಾಣತ್ತೂರಿನ ಕಡೆಯ ಇಳಿಜಾರುಗಳಲ್ಲಿಯೂ ಪೆಡಲನ್ನು ಒತ್ತುವ ಪ್ರಮೇಯ ಅಪರೂಪ. ಇದು ಉಳಿತಾಯವೇ ಸರಿ, ಆದರೆ ಬಳಸದ ಬ್ರೇಕು ಕರಾವಳಿಯ ಉಪ್ಪುಗಾಳಿಯಲ್ಲೂ ಆಟಿಯ ಮಳೆಯಲ್ಲೂ ಸುಮ್ಮನಿರುವುದಿಲ್ಲ. ಚಕ್ರ ಕಳಚಿದಾಗ ನಾನು ಹತ್ತಿರ ನಿಂತು ನೋಡಿದೆ: ಪ್ಯಾಡು ಹೊಸದರಂತೆಯೇ ದಪ್ಪವಾಗಿತ್ತು, ಡಿಸ್ಕಿನ ಅಂಚಿನಲ್ಲಿ ಕಂದು ತುಕ್ಕು ಸುತ್ತುಗಟ್ಟಿತ್ತು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿದಾಡಬೇಕಾದ ಪಿನ್ನು ಒಣಗಿ ಬಿಗಿದುಕೊಂಡಿತ್ತು. ಮೆಕ್ಯಾನಿಕ್ ಅದನ್ನು ಹೊರಗೆಳೆದು, ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸಿದರು. ಇಡೀ ಬಿಲ್ಲಿನಲ್ಲಿ ನಾನು ಮನಸಾರೆ ಹಣ ಕೊಟ್ಟ ಕೆಲಸ ಅದೊಂದೇ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು, ತೇವ ಸೇರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ; ಆದ್ದರಿಂದ ಕಾರು ಎಷ್ಟು ಓಡಿದೆ ಎಂಬುದನ್ನು ನೋಡದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಇದರ ನಡುವೆ ಖಾಲಿ ರಸ್ತೆಯಲ್ಲಿ ರೀಜೆನ್ ಮಟ್ಟವನ್ನು, ಅಂದರೆ ಮೋಟಾರೇ ಕಾರನ್ನು ನಿಧಾನಿಸುವ ಪ್ರಮಾಣವನ್ನು, ಇಳಿಸಿ ಕೆಲವು ಸಲ ಪೆಡಲನ್ನು ಗಟ್ಟಿಯಾಗಿ ಒತ್ತಿದರೆ ಡಿಸ್ಕಿನ ತುಕ್ಕು ತಾನೇ ಉಜ್ಜಿಹೋಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಟಯರಿನ ಲೆಕ್ಕ ಬೇರೆ. ಬ್ಯಾಟರಿಯ ತೂಕದಿಂದ ಕಾರು ಭಾರವಾಗಿರುತ್ತದೆ, ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲವನ್ನು ಚಕ್ರಕ್ಕೆ ಕೊಡುತ್ತದೆ, ಇವೆರಡೂ ಸೇರಿ ಎಳೆಯುವ ಚಕ್ರಗಳ ಟಯರನ್ನು ಬೇಗನೆ ತಿನ್ನುತ್ತವೆ. ಟಯರುಗಳನ್ನು ಹಿಂದುಮುಂದು ಬದಲಿಸುವುದು, ಅಲೈನ್‌ಮೆಂಟ್, ಗಾಳಿಯ ಒತ್ತಡ ಇವು ಮೂರನ್ನೂ ಊರಿನ ಟಯರ್ ಅಂಗಡಿಯಲ್ಲಿಯೇ ಮಾಡಿಸಬಹುದು, ಡೀಲರಿಗಿಂತ ಕಡಿಮೆಗೆ ಆಗುತ್ತದೆ. ಜಾಕ್ ಮಾತ್ರ ಕೈಪಿಡಿ ತೋರಿಸಿದ ಜಾಗದಲ್ಲಿಯೇ ತಾಗಬೇಕು, ಏಕೆಂದರೆ ಕಾರಿನ ಹೊಟ್ಟೆಯ ಉದ್ದಕ್ಕೂ ಇರುವುದು ಬ್ಯಾಟರಿ. 2025ರ ಸೆಪ್ಟೆಂಬರ್ 22ರಿಂದ ಟಯರುಗಳ ಮೇಲಿನ ಜಿಎಸ್‌ಟಿ 28 ಶೇಕಡದಿಂದ 18ಕ್ಕೆ ಇಳಿದಿದೆ, ವಾಹನದ ಬಿಡಿಭಾಗಗಳಿಗೂ ಈಗ 18 ಶೇಕಡವೇ. ಹಳೆಯ ದರದ ಎಸ್ಟಿಮೇಟು ಕೈಗೆ ಬಂದರೆ ಗಮನಿಸಬೇಕು.

ಊರಿನ ಮೆಕ್ಯಾನಿಕ್ಕಿನ ಕೈಗೆ ಕೊಡಬಾರದ್ದು ಕಿತ್ತಳೆ ಬಣ್ಣದ ದಪ್ಪ ಕೇಬಲುಗಳು ಹೋಗುವ ಜಾಗ. ಅವುಗಳಲ್ಲಿ ಹರಿಯುವುದು ಕಾರಿಗನುಸಾರ ಮುನ್ನೂರು, ನಾನೂರು ವೋಲ್ಟು. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವೀಸ್ ಡಿಸ್‌ಕನೆಕ್ಟನ್ನು ಬೇರ್ಪಡಿಸದೆ, ಇನ್ಸುಲೇಟೆಡ್ ಕೈಗವಸು ಇಲ್ಲದೆ ಮುಟ್ಟುವಂಥದಲ್ಲ. ಹೆಚ್ಚುವರಿ ದೀಪಕ್ಕೆಂದು ವಯರು ಕತ್ತರಿಸಿ ಜೋಡಿಸಿದರೂ ವಾರಂಟಿ ನಿರಾಕರಿಸಲು ಕಂಪನಿಗೊಂದು ಕಾರಣ ಸಿಕ್ಕಂತಾಗುತ್ತದೆ. ಆದ್ದರಿಂದ ನಿಗದಿತ ಸರ್ವೀಸನ್ನು ಅಧಿಕೃತ ಕೇಂದ್ರದಲ್ಲಿಯೇ, ಅವಧಿ ತಪ್ಪದಂತೆ ಮಾಡಿಸುವುದು ಜಾಣತನ. ದೊಡ್ಡ ಬ್ಯಾಟರಿಯ ಬೆಲೆ ಕಾರಿನ ಬೆಲೆಯ ದೊಡ್ಡದೊಂದು ಪಾಲು; ಅದರ ವಾರಂಟಿಯನ್ನು ಉಳಿಸಿಕೊಳ್ಳಲು ತಪಾಸಣೆಗೆ ಕೊಡುವ ಹಣ ಹೆಚ್ಚಲ್ಲ. (ತೋಟದ ಮನೆಯವರಿಗೆ ಇನ್ನೊಂದು ಮಾತು: ಅಡಕೆ ಮೂಟೆಯ ಪಕ್ಕದಲ್ಲಿ ಕಾರು ನಿಲ್ಲಿಸಿದರೆ ಇಲಿ ಹೆಗ್ಗಣಗಳು ವಯರನ್ನು ಕಡಿಯುತ್ತವೆ, ಅದನ್ನು ವಾರಂಟಿ ಒಪ್ಪುವುದಿಲ್ಲ.)

ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನಾನು ಮಾಡಿಕೊಂಡಿಲ್ಲ. ನನಗೆ ತೋರಿಸಿದ ಒಪ್ಪಂದದಲ್ಲಿ ಟಯರು ಇರಲಿಲ್ಲ, 12 ವೋಲ್ಟಿನ ಬ್ಯಾಟರಿ ಇರಲಿಲ್ಲ. ಹೆಚ್ಚಾಗಿ ಖರ್ಚು ಬರುವ ಎರಡನ್ನೂ ಹೊರಗಿಟ್ಟು, ಆಯಿಲ್ ಬದಲಿಸಬೇಕಾಗಿಲ್ಲದ ಕಾರಿಗೆ ಮುಂಗಡ ಹಣ ಕೇಳುವುದರಲ್ಲಿ ಗ್ರಾಹಕನಿಗೆ ಏನು ಲಾಭವೆಂದು ನನಗೆ ಕಾಣಲಿಲ್ಲ.

ಬಿಡಿಭಾಗಗಳ ಮೇಲೆ ತಯಾರಕರ ಬಿಗಿಹಿಡಿತ ಹೊಸದಲ್ಲ. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ತೆರೆದಿಡಲಿಲ್ಲವೆಂದು 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಆಗ ಪೆಟ್ರೋಲ್, ಡೀಸೆಲ್ ಕಾರುಗಳ ಕಾಲ. ದೋಷ ಪತ್ತೆಯ ತಂತ್ರಾಂಶವೇ ಎಲ್ಲವೂ ಆಗಿರುವ ವಿದ್ಯುತ್ ಕಾರಿನಲ್ಲಿ ಆ ಹಿಡಿತ ಇನ್ನಷ್ಟು ಬಲವಾಗಿದೆ.

ಗಡಿಯಾಚೆ ಸರ್ವೀಸ್ ಮಾಡಿಸುವವರಲ್ಲಿ ಹಲವರಿಗೆ, ತಕರಾರು ಬಂದರೆ ಕರ್ನಾಟಕದಲ್ಲಿಯೇ ಅಲೆಯಬೇಕು ಎಂಬ ಅಳುಕಿದೆ. ಅದು ಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಮಂಗಳೂರಿನ ಡೀಲರಿನ ಮೇಲಿನ ದೂರು ಕಾಸರಗೋಡಿನಲ್ಲಿ ದಾಖಲಾಗುತ್ತದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಬಹುದು. ಎರಡಕ್ಕೂ ಆಧಾರವಾಗುವುದು ಸಹಿ ಹಾಕಿದ ಜಾಬ್ ಕಾರ್ಡ್ (ಕಾರು ಒಪ್ಪಿಸುವಾಗ ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಚೀಟಿ), ಎಸ್ಟಿಮೇಟ್ ಮತ್ತು ಅಂತಿಮ ಬಿಲ್ಲು. ಜಾಬ್ ಕಾರ್ಡಿನಲ್ಲಿ ನನ್ನ ದೂರುಗಳನ್ನು ನನ್ನದೇ ಮಾತಿನಲ್ಲಿ ಬರೆಸಿ, ಎಸ್ಟಿಮೇಟಿನಾಚೆಯ ಕೆಲಸಕ್ಕೆ ಫೋನಿನಲ್ಲಿ ಒಪ್ಪಿಗೆ ಕೊಡದೆ, ಬೇಕಾದರೆ ವಾಟ್ಸಾಪಿನಲ್ಲಿ ಬರೆದು ಕಳುಹಿಸಿ ಎಂದು ಹೇಳಿಯೇ ಕೀಲಿಕೈ ಒಪ್ಪಿಸುತ್ತೇನೆ.