ಗಾರ್ಮೆಂಟ್ಸ್ ಬಂದು ಹೆಂಗಸರ ಬದುಕು ಸುಧಾರಿಸಿತಾ?

ಕಾರ್ಮಿಕರ ವಿಷಯ ಬರೆಯುತ್ತೇನಲ್ಲ, ಅದಕ್ಕೇ ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ: "ಕಾರ್ಖಾನೆ ಬಂದಿದ್ದರಿಂದ ಹೆಣ್ಣುಮಕ್ಕಳಿಗೆ ಒಳ್ಳೇದಾಯಿತಾ, ಕೆಟ್ಟದಾಯಿತಾ?" ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಇಟ್ಟುಕೊಂಡೇ ಉತ್ತರ ಹೇಳುತ್ತೇನೆ. ಮನೆಯಲ್ಲಿ ಒಳ್ಳೇದಾಯಿತು. ಕಾರ್ಖಾನೆಯ ಒಳಗೆ ಆಗಬೇಕಾದಷ್ಟು ಆಗಲಿಲ್ಲ.

ಸ್ವಂತ ಹೊಲದಲ್ಲಿ ಎಷ್ಟು ದುಡಿದರೂ ಹೆಂಗಸಿಗೆ ಸಂಬಳ ಅಂತ ಇರಲಿಲ್ಲ. ಗಾರ್ಮೆಂಟ್ಸ್ ಸಂಬಳ ಅವಳ ಹೆಸರಿಗೇ ಬರುತ್ತದೆ. ಮಗಳನ್ನು ಪಿಯುಸಿಗೆ ಸೇರಿಸೋಣ ಅಂತ ಅವಳು ಅಂದರೆ ಆ ಮಾತು ನಡೆಯುತ್ತದೆ, ಯಾಕಂದ್ರೆ ಫೀಸು ಕಟ್ಟುವವಳೂ ಅವಳೇ. ಗಂಡನ ಹೊಡೆತ ತಾಳಲಾರದೆ ಹೊರಬಂದವಳು ತವರಿಗೆ ಹೊರೆಯಾಗದೆ ಒಂದು ರೂಮು ಬಾಡಿಗೆಗೆ ಹಿಡಿಯಬಹುದು. ಇದು ಸಣ್ಣ ಮಾತಲ್ಲ.

ಒಳಗಿನ ಕಥೆಯೇ ಬೇರೆ. ಲೈನಿನಲ್ಲಿ ಒಬ್ಬಳು ಇಡೀ ದಿನ ಕಾಲರ್ ಹಚ್ಚುತ್ತಾಳೆ, ಇನ್ನೊಬ್ಬಳು ಕಫ್. ಗಂಟೆಗೆ ಎಷ್ಟು ಪೀಸ್ ಅನ್ನುವುದು ಬೋರ್ಡಿನ ಮೇಲಿರುತ್ತದೆ. ಒಬ್ಬಳು ಎದ್ದರೆ ಅವಳ ಮಿಷಿನ್ ಮುಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಬೈಗುಳ ಶುರು. ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆ ಅಂತ ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಹೊಲಿಯುವವರು ಹೆಚ್ಚಾಗಿ ಹೆಂಗಸರು, ಸೂಪರ್‌ವೈಸರ್ ಹೆಚ್ಚಾಗಿ ಗಂಡಸರು. ಮನೆಯ ಯಜಮಾನಿಕೆಯನ್ನೇ ತಂದು ಇಲ್ಲೂ ಕೂರಿಸಿದ್ದಾರೆ.

ಹಾಗಂತ ಇವರು ಸುಮ್ನೆ ತಲೆ ತಗ್ಗಿಸಿ ಕೂತವರಲ್ಲ. 2016ರ ಏಪ್ರಿಲ್ ನೆನಪಿದೆ ಅಲ್ವಾ? ಆ ವರ್ಷ ಕೇಂದ್ರ ಸರಕಾರ ಪಿಎಫ್ (ಸಂಬಳದಲ್ಲಿ ಮುರಿದದ್ದಕ್ಕೆ ಮಾಲೀಕರೂ ತಮ್ಮ ಪಾಲು ಸೇರಿಸಿ ಕೂಡಿಡುವ ಭವಿಷ್ಯ ನಿಧಿ) ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲು ಮಾತ್ರ ತೆಗೆಯಬಹುದು, ಮಾಲೀಕರು ಕಟ್ಟಿದ ಪಾಲಿಗೆ 58 ವರ್ಷ ಆಗುವತನಕ ಕಾಯಬೇಕು ಅಂತ. ದೆಹಲಿಯವರಿಗೆ ಪಿಎಫ್ ಅಂದರೆ ಮುಪ್ಪಿನ ಕಾಲದ ಹಣ. ಇವರಿಗೆ ಅದು ಮನೆ ಖರ್ಚಿಗೆ ಕರಗದೆ, ಯಾರ ಕೈಗೂ ಸಿಗದೆ ಉಳಿದ ಒಂದೇ ಗಂಟು. ಕೈಸಾಲ ತೀರಿಸೋದು, ಮಗಳ ಮದುವೆ ಎಲ್ಲ ಅದರಲ್ಲೇ. ಬೆನ್ನು, ಕಣ್ಣು ಎರಡೂ ಸೋತುಹೋಗುವ ಈ ಕೆಲಸದಲ್ಲಿ 58ರ ತನಕ ಇರುವವರು ಎಷ್ಟು ಮಂದಿ? ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಮಿಷಿನ್ ಬಿಟ್ಟು ರಸ್ತೆಗಿಳಿದರು. ಮುಂದೆ ನಿಂತು ಕರೆದ ದೊಡ್ಡ ನಾಯಕರು ಯಾರೂ ಇರಲಿಲ್ಲ. ಹೊಸೂರು ರಸ್ತೆ ನಿಂತುಹೋಯಿತು. ಮಾರನೇ ದಿನ ಕಲ್ಲು, ಬೆಂಕಿ, ಲಾಠಿ ಎಲ್ಲ ನಡೆಯಿತು. ಅಂದೇ ಸರಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಅದರ ಲಾಭ ದೇಶದ ಎಲ್ಲ ಪಿಎಫ್ ಸದಸ್ಯರಿಗೂ ಸಿಕ್ಕಿತು. ನಮ್ಮ ಆಫೀಸು ನೌಕರರು ಇವರಿಗೊಂದು ಥ್ಯಾಂಕ್ಸ್ ಹೇಳಿದ್ದನ್ನು ನಾನಂತೂ ಕೇಳಲಿಲ್ಲ.

ಹಾಗಾದರೆ ಇನ್ನೇನು ಬೇಕು ಅನ್ನುತ್ತೀರಾ? 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು. 50 ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ಕಾನೂನೇ ಹೇಳಿತು. ಆದರೆ ಬೋರ್ಡಿನ ಮೇಲೆ ಗಂಟೆಯ ಲೆಕ್ಕ ಇರುವಾಗ ಅವಳು ಏಳುವುದು ಹೇಗೆ? ಟಾರ್ಗೆಟ್ ಹಾಕುವಾಗಲೇ ಮಗುವನ್ನು ನೋಡಿ ಬರುವ ಹೊತ್ತನ್ನು ಲೆಕ್ಕದಿಂದ ಕಳೆಯಲಿ.