ಮಾಳಿಗೆ ಲಾಗರ್: ಈ ವಾರ ಪಿಐಡಿ ಫೈಲ್ ಕೆಲಸ

ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಎರಡು ತಾಪಮಾನ ಸೆನ್ಸರ್ ಜೋಡಿಸಿದ್ದೇನೆ. ಒಂದು ಶಹಾಬಾದ್ ಫರಸಿಗೆ ಅಂಟಿಕೊಂಡಿದೆ, ಇನ್ನೊಂದು ನೆರಳಲ್ಲಿ ತೂಗುತ್ತಿದೆ. ಹೊತ್ತು ಮುಳುಗಿದ ಮೇಲೆ ಕಲ್ಲು ಎಷ್ಟು ಹೊತ್ತು ಕಾವು ಹಿಡಿದಿರುತ್ತದೆ ಅಂತ ತಿಳಿಯಬೇಕು. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಒಂದೇ ತಕರಾರು. ಪೈ ಶುರುವಾಗುತ್ತದೆ, ತಾಪಮಾನ ಬರೆದಿಡುವ ಪ್ರೋಗ್ರಾಂ, ಅಂದರೆ ಲಾಗರ್, ಮಾತ್ರ ‘ಆಗಲೇ ಓಡುತ್ತಿದೆ’ ಅಂತ ಹೇಳಿ ನಿಂತುಬಿಡುತ್ತದೆ.

ಕಾರಣ ಲಾಗರ್.ಪಿಐಡಿ ಅನ್ನುವ ಪುಟ್ಟ ಫೈಲ್. ಪಕ್ಕದಲ್ಲಿದ್ದ ತಮ್ಮ ಕೇಳಿದ, ‘ಅಣ್ಣಾ, ಇದನ್ನ ಯಾತರಾಗ ತೆರೀಬೇಕು?’ ಬೇರೆ ಸಾಫ್ಟ್‌ವೇರ್ ಏನೂ ಬೇಡ, ಇದು ಬರೀ ಅಕ್ಷರಗಳ ಫೈಲ್. ಫೈಲ್ ಒಳಗಿದ್ದದ್ದನ್ನು ತೋರಿಸುವ ಕ್ಯಾಟ್ ಕಮಾಂಡ್ ಸಾಕು. ತೆರೆದಾಗ 612 ಅಂತಿತ್ತು. ಬೈಟ್ ಬೈಟ್ ಬಿಡಿಸಿ ನೋಡಿದೆವು: 6, 1, 2, ಕೊನೆಗೆ ಹೊಸ ಸಾಲಿನ ಗುರುತು. ಒಟ್ಟು 4 ಬೈಟ್, ಅಷ್ಟೇ. ಪ್ರೋಗ್ರಾಂ ಶುರುವಾದಾಗ ಕರ್ನಲ್ (ಪೈಯಲ್ಲಿ ಓಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೊಟ್ಟ ಗುರುತಿನ ನಂಬರನ್ನು, ಅಂದರೆ ಪಿಐಡಿಯನ್ನು, ಅದೇ ಇಲ್ಲಿ ಬರೆದಿಡುತ್ತದೆ. ನೆಟ್ಟಗೆ ಮುಗಿದರೆ ಫೈಲ್ ಅಳಿಸಿ ಹೋಗುತ್ತದೆ. ಕರೆಂಟ್ ಹೋದರೆ ಅಳಿಸೋಕೆ ಸಮಯ ಎಲ್ಲಿ?

ಹಳೇ ಫೈಲ್ ಉಳಿದರೂ ಆ ನಂಬರ್ ಜೀವಂತ ಇದೆಯಾ ಅಂತ ನೋಡಬಹುದಲ್ವಾ? ಪ್ರೋಗ್ರಾಂಗಳಿಗೆ ಸಿಗ್ನಲ್ ಕಳಿಸುವ ಕಿಲ್ ಕಮಾಂಡ್‌ಗೆ ಸಿಗ್ನಲ್ 0 ಕೊಟ್ಟರೆ ಯಾರನ್ನೂ ಕೊಲ್ಲದೆ ಅಷ್ಟನ್ನು ಹೇಳುತ್ತದೆ. ನಮ್ಮ ಸ್ಕ್ರಿಪ್ಟ್ ಮಾಡುತ್ತಿದ್ದದ್ದೂ ಅದನ್ನೇ. ಆದರೆ 612 ಈಗ ಯಾರದ್ದು? ಓಡುತ್ತಿರುವ ಪ್ರೋಗ್ರಾಂಗಳ ವಿವರ ಇರುವ ಪ್ರೊಕ್ ಫೋಲ್ಡರ್‌ನಲ್ಲಿ 612ರ ಒಳಗಿರುವ ಕಾಮ್ ಫೈಲ್ ತೆರೆದರೆ ಹಿನ್ನೆಲೆಯಲ್ಲಿ ಓಡುವ ಬೇರೆ ಯಾವುದೋ ಸರ್ವಿಸ್‌ನ ಹೆಸರು! ಲಿನಕ್ಸ್ ಪ್ರತಿ ಸಲ ಶುರುವಾದಾಗಲೂ ನಂಬರ್ 1ರಿಂದ ಹಂಚುತ್ತಾ ಹೋಗುತ್ತದೆ. ಸರ್ವಿಸ್‌ಗಳು ಹೆಚ್ಚುಕಮ್ಮಿ ಅದೇ ಸಾಲಿನಲ್ಲಿ ಏಳುತ್ತವೆ. ಒಂದೆರಡು ಹಿಂದುಮುಂದಾದರೆ ನಮ್ಮ ಹಳೇ ನಂಬರ್ ಇನ್ನೊಬ್ಬರ ಪಾಲು. ಇಂಥ ಫೈಲ್ ನಂಬಿ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಕಿಲ್ ಕೊಟ್ಟರೆ ಏನೂ ಅರಿಯದ ಸರ್ವಿಸ್ ಸಾಯುತ್ತದೆ. ನನಗೆ ತುಂಬಾ ಮುಖ್ಯ ಅನಿಸಿದ್ದು ಇದೇ.

ಹಾಗಾಗಿ ಎರಡು ಬದಲಾವಣೆ. ಮೊದಲು ಫೈಲನ್ನು ಮೆಮೊರಿ ಕಾರ್ಡಿಂದ /ರನ್ ಫೋಲ್ಡರ್‌ಗೆ ತಂದೆ. ಅದು ರ‍್ಯಾಮ್‌ನಲ್ಲಿರುತ್ತದೆ, ರೀಬೂಟ್ ಆದರೆ ಖಾಲಿ. ಹಳೇ ಪುಸ್ತಕಗಳಲ್ಲಿ ಬರುವ /ವಾರ್/ರನ್ ಈಗ ಇದಕ್ಕೇ ಹಾಕಿದ ಲಿಂಕ್. ಸಾಮಾನ್ಯ ಯೂಸರ್ ಇಲ್ಲಿ ನೇರವಾಗಿ ಬರೆಯೋಕಾಗಲ್ಲ. ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಯೂನಿಟ್ ಫೈಲ್‌ನಲ್ಲಿ ರನ್‌ಟೈಮ್ ಡೈರೆಕ್ಟರಿ ಸಾಲು ಸೇರಿಸಿದರೆ ಅದೇ ನಮಗೊಂದು ಫೋಲ್ಡರ್ ಮಾಡಿಕೊಡುತ್ತದೆ. (ಎಲ್ಲ ಪಿಐಡಿ ಫೈಲೂ ಅಲ್ಲೇ ಇರಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನದು ಅದರ ಡೇಟಾ ಫೋಲ್ಡರ್‌ನಲ್ಲೇ ಇರುತ್ತದೆ, ಅದರಲ್ಲಿ ಪೋರ್ಟ್ ನಂಬರ್‌ ಸೇರಿ ಹಲವು ಸಾಲು. ಅಲ್ಲಿ ಮೊದಲ ಸಾಲು ಮಾತ್ರ ಪಿಐಡಿ.)

ಎರಡನೆಯದು ಬೀಗ. ಲಾಗರ್ ಈಗ ಫೈಲ್ ತೆರೆದು ಎಫ್‌ಲಾಕ್ ಅನ್ನುವ ಬೀಗ ಹಾಕುತ್ತದೆ. ಬೀಗ ಸಿಗಲಿಲ್ಲ ಅಂದರೆ ಇನ್ನೊಂದು ಲಾಗರ್ ನಿಜವಾಗಿ ಓಡುತ್ತಿದೆ ಅಂತ ಅರ್ಥ. ಪ್ರೋಸೆಸ್ ಹೇಗೇ ಸತ್ತರೂ, ಸಿಗ್ನಲ್ 9 ಕೊಟ್ಟು ಕೊಂದರೂ, ಕರ್ನಲ್ ತಾನೇ ಬೀಗ ಬಿಡಿಸುತ್ತದೆ. ಒಳಗಿನ ನಂಬರ್ ಈಗ ನಾವು ಓದೋಕಷ್ಟೇ.

ಪ್ಲಗ್ ಕಿತ್ತು ನೋಡಿದೆ. ಪೈ ಎದ್ದಿತು, ಲಾಗರ್ ತಾನಾಗಿ ಬರೆಯತೊಡಗಿತು. ರಾತ್ರಿಯ ಸಾಲುಗಳು ಈಗ ತಪ್ಪದೆ ಬೀಳುತ್ತಿವೆ. ಮುಂದಿನ ವಾರ ಫರಸಿ ಮತ್ತು ಗಾಳಿಯ ಗ್ರಾಫ್ ಹಾಕುತ್ತೇನೆ.